ನೂರಿಪ್ಪತ್ತು ಕೊಕ್ಕರೆ

ನದಿಯ ದಡದಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಗಣಿತವೊಂದನ್ನು ಬಿಟ್ಟು ಬೇರೇನನ್ನೂ ಕಲಿಸುತ್ತಿರಲಿಲ್ಲ.

ಓಲೆಗರಿ ಇಲ್ಲ, ಬಳಪ ಇಲ್ಲ. ಪ್ರತಿಯೊಬ್ಬರ ಮುಂದೆ ಒಂದು ಹಲಗೆ, ಹಲಗೆಯ ತುಂಬ ಹೊಳೆಯ ನುಣ್ಣನೆಯ ಮರಳು. ಬೆರಳಿನಿಂದ ಬರೆದು ಲೆಕ್ಕ ಮಾಡಬೇಕು. ಉತ್ತರವನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆಯೇ ಅಂಗೈಯಿಂದ ಮರಳನ್ನು ಅಳಿಸಬೇಕು.

ಹೇಳುವ ಮೊದಲೇ ಅಳಿಸಿದರೆ ಲೆಕ್ಕ ತಪ್ಪಿದಂತೆ. ಅಳಿಸಿದ ಮರಳಿನ ಮೇಲೆ ವಾದವಿಲ್ಲ.

ಇದು ಗುರು ಗದಿಗಯ್ಯನವರ ನಿಯಮ. ಅದನ್ನು ಅವರು ಯಾರಿಗಾಗಿಯೂ ಸಡಿಲಿಸಿದವರಲ್ಲ.

ಹುಲಿಗೆವ್ವ ಅಲ್ಲಿಗೆ ಬಂದಾಗ ಅವಳಿಗೆ ಹದಿಮೂರು ವರ್ಷ. ಆಚೆ ದಡದ ಅಂಬಿಗರ ಮಗಳು. ತಾಯಿ ಈರಮ್ಮ ಬಿದಿರು ಸೀಳಿ ಹರಿಗೋಲು ಹೆಣೆಯುತ್ತಿದ್ದಳು. ಹೆಣೆದ ಹರಿಗೋಲಿಗೆ ತಾನೇ ಹುಟ್ಟು ಹಾಕಿ ಜನರನ್ನು ದಾಟಿಸುತ್ತಿದ್ದಳು.

ಅಂದು ಸೂರ್ಯಗ್ರಹಣ. ಸ್ನಾನಕ್ಕೆ ಬಂದವರನ್ನೆಲ್ಲ ತಾಯಿ ಇಳಿಸುತ್ತಿದ್ದಾಗ, ಮಗಳು ನೇರವಾಗಿ ಗುರುಗಳ ಮುಂದೆ ಬಂದು ನಿಂತಳು.

“ಅಜ್ಜಾರ, ಗ್ರಹಣ ಇಷ್ಟ ಹೊತ್ತಿಗೆ ಹಿಡೀತೈತಿ ಅಂತ ನೀವು ಹೋದ ತಿಂಗಳ ಹೇಳಿ ಕಳಿಸಿದ್ರಿ. ಅಷ್ಟೊತ್ತಿಗೇ ಹಿಡೀತು. ಸೂರ್ಯಾ ನಿಮಗ ಬಂದು ಹೇಳಿ ಹೋಗಿದ್ನೇನು?”

ಸುತ್ತಲಿದ್ದವರು ನಕ್ಕರು. ಗುರುಗಳು ನಗಲಿಲ್ಲ.

“ಅವನು ಹೇಳಲಿಲ್ಲ. ನಾನು ಲೆಕ್ಕ ಹಾಕಿದೆ.”

“ಹಂಗಾರ ನಾನೂ ಹಾಕಬೇಕು.”

“ಯಾಕೆ?”

ಹುಡುಗಿ ಸ್ವಲ್ಪ ಯೋಚಿಸಿದಳು. “ಯಾಕಂದ್ರ? ಬರೋದು ಬರೂಕಿಂತ ಮೊದಲ ಗೊತ್ತಿರಬೇಕು, ಅಷ್ಟ.”

ಗುರುಗಳು ತಾಯಿಯನ್ನು ಕರೆಸಿದರು. ಆಶ್ರಮದ ಪದ್ಧತಿ ಹೇಳಿದರು. ಮೊದಲು ನೆಲದ ಲೆಕ್ಕ. ಮರುವರ್ಷ ಕಾರ್ತಿಕದಲ್ಲಿ ಪರೀಕ್ಷೆ. ಗೆದ್ದವರಿಗೆ ಆಕಾಶದ ಲೆಕ್ಕ, ಅಂದರೆ ಸೂರ್ಯ ಚಂದ್ರರ ನಡೆ ಮತ್ತು ಗ್ರಹಣ. ಸೋತವರು ಮನೆಗೆ. ಎರಡನೆಯ ಪರೀಕ್ಷೆ ಇಲ್ಲ.

ಈರಮ್ಮ ಮಗಳ ಮುಖ ನೋಡಿದಳು.

“ಕಾರ್ತಿಕದ ತನಕ ಹುಟ್ಟು ನಾನ ಹಾಕ್ತೀನಿ, ತಗೋ,” ಎಂದಳು.

*

ನೆಲದ ಲೆಕ್ಕ ಹೇಳುವ ಕೆಲಸ ಹಿರಿಯ ಶಿಷ್ಯ ಕಳಕೇಶನದು. ಆಶ್ರಮಕ್ಕೆ ಬಂದು ಏಳು ವರ್ಷವಾಗಿತ್ತು. ಹೊಳೆ ಕೆರೆ ಕಾಣದ ಒಣನಾಡಿನವನು. ಎದ್ದು ನಿಲ್ಲುವುದರಲ್ಲೂ ಮಾತಿನಲ್ಲೂ ಕಟ್ಟುನಿಟ್ಟು. ಯಾರನ್ನೂ ಹೊಡೆದವನಲ್ಲ, ಯಾರಿಗೂ ಕೆಟ್ಟ ಮಾತು ಆಡಿದವನಲ್ಲ.

ಪಾಠದಲ್ಲಿ ಎಂಟು ಜನ ಹುಡುಗರು. ಅವಳೊಬ್ಬಳು ಹುಡುಗಿ.

ಮೊದಲ ದಿನವೇ ಭರಮಪ್ಪ ಎಂಬ ಹುಡುಗ ಕೆಣಕಿದ.

“ಹುಟ್ಟು ಹಾಕೋ ಕೈ ಲೆಕ್ಕ ಹಾಕ್ತೈತೇನು?”

“ನಿನ್ನ ಬಾಯಿ ಹಾಕ್ತೈತಲ್ಲ, ಅದಕ್ಕಿಂತ ನೆಟ್ಟಗ ಹಾಕ್ತೈತಿ,” ಎಂದಳು ಹುಲಿಗೆವ್ವ.

ಎಲ್ಲರೂ ನಕ್ಕರು. ಭರಮಪ್ಪನೂ ನಕ್ಕ. ಕಳಕೇಶ ಮಾತ್ರ ಅವನನ್ನು ಗದರಿಸಿದ. “ಹೆಣ್ಣುಮಗಳನ್ನು ಹಾಗೆ ಅನ್ನಬಾರದು. ಅವಳು ಇಲ್ಲಿಗೆ ಬಂದದ್ದೇ ದೊಡ್ಡದು.”

ಹುಲಿಗೆವ್ವ ಅವನ ಕಡೆ ತಿರುಗಿ ನೋಡಿದಳು. ಏನೋ ಕೇಳಬೇಕೆಂದುಕೊಂಡವಳು ಕೇಳಲಿಲ್ಲ.

ಹುಡುಗರಿಗೆ ಕಳಕೇಶ ಲೆಕ್ಕ ಹೇಳುತ್ತಿದ್ದ. ಹೇಳಿ ನದಿಯ ಕಡೆ ನೋಡುತ್ತ ನಿಲ್ಲುತ್ತಿದ್ದ.

ಹುಲಿಗೆವ್ವನಿಗೂ ಅದೇ ಲೆಕ್ಕ. ಆದರೆ ಅವಳಿಗೆ ಹೇಳಿದ ಮೇಲೆ ಬಗ್ಗಿ, ದನಿ ತಗ್ಗಿಸಿ, ಒಂದು ಮಾತು ಸೇರಿಸುತ್ತಿದ್ದ.

“ಕಷ್ಟ ಅನ್ನಿಸಿದರೆ ಬಿಟ್ಟುಬಿಡು, ತಂಗಿ. ಯಾರೂ ಏನೂ ಅನ್ನುವುದಿಲ್ಲ.”

“ಯಾಕ ಬಿಡಲಿ ಅಣ್ಣಾರ?” ಎಂದು ಮೊದಮೊದಲು ಅವಳು ಕೇಳುತ್ತಿದ್ದಳು. ಕೇಳುತ್ತಲೇ ಲೆಕ್ಕ ಮುಗಿಸುತ್ತಿದ್ದಳು.

ಉತ್ತರ ಸರಿ ಬಂದರೆ ಹುಡುಗರಿಗೆ “ಹೂಂ” ಅನ್ನುತ್ತಿದ್ದ. ಅವಳಿಗೆ, “ಅರೆ! ಭೇಷ್! ಇದನ್ನೂ ಮಾಡಿದೆಯಾ?” ಅನ್ನುತ್ತಿದ್ದ.

ಬೇಸಗೆಯ ಹೊತ್ತಿಗೆ ಅವಳು “ಯಾಕ ಬಿಡಲಿ” ಎಂದು ಕೇಳುವುದನ್ನು ನಿಲ್ಲಿಸಿದಳು.

ಮಳೆಗಾಲದಲ್ಲಿ ಇನ್ನೊಂದು ಅಭ್ಯಾಸ ಹತ್ತಿತು. ಒಂದು ಸಾಲು ಬರೆಯುವುದು, ತಲೆ ಎತ್ತಿ ಕಳಕೇಶನ ಮುಖ ನೋಡುವುದು. ಮತ್ತೊಂದು ಸಾಲು, ಮತ್ತೊಮ್ಮೆ ಮುಖ. ಹಲಗೆಯಲ್ಲಿರುವುದನ್ನು ಅವನ ಮುಖದಲ್ಲಿ ಓದಿಕೊಳ್ಳುವವಳಂತೆ.

ನವರಾತ್ರಿಯ ಹೊತ್ತಿಗೆ ಭರಮಪ್ಪನ ಕುಚೇಷ್ಟೆಗೂ ಅವಳು ಉತ್ತರ ಕೊಡುತ್ತಿರಲಿಲ್ಲ.

ಗುರುಗಳು ಒಮ್ಮೆ ವಿಚಾರಿಸಿದರು. “ಆ ಅಂಬಿಗರ ಹುಡುಗಿ ಹೇಗಿದ್ದಾಳೆ?”

“ಬುದ್ಧಿ ಇದೆ, ಗುರುಗಳೇ. ಧೈರ್ಯ ಸಾಲದು. ಹೆಣ್ಣುಮಕ್ಕಳ ಸ್ವಭಾವ ಅಲ್ಲವೇ. ನಾನು ಆದಷ್ಟು ಮೃದುವಾಗಿ ನಡೆಸುತ್ತಿದ್ದೇನೆ.”

ಗುರುಗಳು ಬರುವ ವರ್ಷದ ಚಂದ್ರನ ಲೆಕ್ಕದಲ್ಲಿದ್ದರು. ಹಲಗೆಯಿಂದ ತಲೆ ಎತ್ತಲಿಲ್ಲ.

“ಹೂಂ,” ಎಂದರು.

*

ಕಾರ್ತಿಕ ಬಂತು.

ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತು ಹಲಗೆಗಳಿಗೆ ಹೊಸ ಮರಳು. ಲೆಕ್ಕ ಒಂದೇ. ಕಳಕೇಶ ಗಟ್ಟಿಯಾಗಿ ಹೇಳಿದ.

“ಒಂದು ಹಿಂಡು ಕೊಕ್ಕರೆ. ಮೂರರಲ್ಲೊಂದು ಪಾಲು ನೀರಿನಲ್ಲಿ. ನಾಲ್ಕರಲ್ಲೊಂದು ಪಾಲು ಬಂಡೆಯ ಮೇಲೆ. ಐದರಲ್ಲೊಂದು ಪಾಲು ಆಕಾಶದಲ್ಲಿ. ಉಳಿದ ಇಪ್ಪತ್ತಾರು ಮರದ ಮೇಲೆ. ಹಿಂಡು ಎಷ್ಟು?”

ಆಮೇಲೆ ಹುಲಿಗೆವ್ವನ ಪಕ್ಕಕ್ಕೆ ಬಂದು ಬಗ್ಗಿದ.

“ಕಷ್ಟ ಅನ್ನಿಸಿದರೆ ಬಿಟ್ಟುಬಿಡು, ತಂಗಿ.”

ಹುಡುಗರು ಇನ್ನೂ ಪಾಲುಗಳನ್ನು ಬರೆಯುತ್ತಿದ್ದರು. ಹುಲಿಗೆವ್ವನ ಬೆರಳು ಓಡಿತು. ಅರವತ್ತರಲ್ಲಿ ಇಪ್ಪತ್ತು, ಹದಿನೈದು, ಹನ್ನೆರಡು. ಕೂಡಿದರೆ ನಲವತ್ತೇಳು. ಉಳಿದದ್ದು ಹದಿಮೂರು. ಇಪ್ಪತ್ತಾರು ಅದರ ಎರಡರಷ್ಟು. ಹಾಗಾದರೆ ಅರವತ್ತರ ಎರಡರಷ್ಟು.

ಮರಳಿನ ಮೇಲೆ ನೂರಿಪ್ಪತ್ತು ಎಂದು ಬರೆದಳು. ತಲೆ ಎತ್ತಿದಳು.

ಕಳಕೇಶ ಅವಳ ಹಲಗೆಯನ್ನೇ ನೋಡುತ್ತಿದ್ದ. ಅವನು ಏನೂ ಹೇಳಲಿಲ್ಲ.

ಹುಲಿಗೆವ್ವ ಹಲಗೆ ನೋಡಿದಳು. ಇನ್ನೊಮ್ಮೆ ಅವನ ಮುಖ ನೋಡಿದಳು. ಅಂಗೈ ಚಾಚಿ ಮರಳನ್ನು ಮಟ್ಟಸವಾಗಿ ಅಳಿಸಿಬಿಟ್ಟಳು.

“ಉತ್ತರ?” ಕಳಕೇಶ ಕೇಳಿದ.

“ಬರಲಿಲ್ಲರಿ, ಅಣ್ಣಾರ.”

“ಹೋಗಲಿ ಬಿಡು. ಬೇಜಾರು ಮಾಡಿಕೊಳ್ಳಬೇಡ.”

ಬಹಳ ಹೊತ್ತಿನ ಮೇಲೆ ಭರಮಪ್ಪ ಕೂಗಿದ. “ನೂರಿಪ್ಪತ್ತು!”

“ಹೂಂ,” ಎಂದ ಕಳಕೇಶ.

ಮಧ್ಯಾಹ್ನ ಈರಮ್ಮ ಹರಿಗೋಲು ತಂದು ದಡಕ್ಕೆ ಹಚ್ಚಿದಳು. ಮಗಳು ಬಟ್ಟೆಯ ಗಂಟು ಹಿಡಿದುಕೊಂಡು ಬರುವುದನ್ನು ದೂರದಿಂದಲೇ ನೋಡಿದಳು. ಗಂಟನ್ನು ಇಸಿದುಕೊಂಡು ಅವಳ ಕೈಗೆ ಹುಟ್ಟು ಕೊಟ್ಟಳು.

*

ಅಂದು ಸಂಜೆ ಕಳಕೇಶ ಗುರುಗಳಿಗೆ ವರದಿ ಒಪ್ಪಿಸಿದ. ಐದು ಹುಡುಗರು ಗೆದ್ದಿದ್ದಾರೆ. ಮೂವರು ಸೋತಿದ್ದಾರೆ. ಹುಡುಗಿಗೆ ಬರಲಿಲ್ಲ.

“ತಪ್ಪು ಹೇಳಿದಳೋ?”

“ಹೇಳಲಿಲ್ಲ. ಅಳಿಸಿದಳು.”

“ಅಳಿಸುವ ಮೊದಲು ಹಲಗೆಯ ಮೇಲೆ ಏನಿತ್ತು?”

ಕಳಕೇಶ ಸುಳ್ಳು ಹೇಳುವವನಲ್ಲ.

“ನೂರಿಪ್ಪತ್ತು ಇತ್ತು.”

ಗುರುಗಳು ಮೊದಲ ಸಲ ತಮ್ಮ ಹಲಗೆಯನ್ನು ಪಕ್ಕಕ್ಕೆ ಸರಿಸಿದರು.

“ಸರಿ ಉತ್ತರ ಬರೆದವಳು ಯಾಕೆ ಅಳಿಸಿದಳು?”

“ನನಗೆ ಗೊತ್ತಿಲ್ಲ, ಗುರುಗಳೇ. ನಾನು ಬೈಯಲಿಲ್ಲ. ಹೆದರಿಸಲಿಲ್ಲ. ಹುಡುಗರು ಕೆಣಕಿದರೆ ನಾನೇ ತಡೆದಿದ್ದೇನೆ. ಈ ಆಶ್ರಮದಲ್ಲಿ ಅವಳ ಹತ್ತಿರ ಆಡಿದಷ್ಟು ಒಳ್ಳೆಯ ಮಾತು ನಾನು ಯಾರ ಹತ್ತಿರವೂ ಆಡಿಲ್ಲ.”

“ಏನು ಒಳ್ಳೆಯ ಮಾತು?”

ಕಳಕೇಶ ಹೇಳಿದ. ಒಂದಕ್ಷರ ಬಿಡದೆ ಹೇಳಿದ.

ಗುರುಗಳು ಕೊನೆಯ ತನಕ ಕೇಳಿಸಿಕೊಂಡರು.

“ಉತ್ತರ ಬಾಯಿಂದ ಬರಬೇಕು ಎಂದು ನಿಯಮ ಇದೆ,” ಎಂದ ಕಳಕೇಶ. “ನಿಯಮ ನಿಮ್ಮದೇ.”

“ಹೌದು. ನನ್ನದೇ,” ಎಂದರು ಗುರುಗಳು. “ಹೋಗಿ ಮಲಗು. ನಾಳೆ ಮರಳು ತರುವುದಿದೆ.”

*

ಹೊಳೆಯ ನಡುವೆ ಒಂದು ಮರಳುದಿಬ್ಬವಿತ್ತು. ಹಲಗೆಗಳಿಗೆ ಮರಳು ಅಲ್ಲಿಂದಲೇ ಬರಬೇಕು. ದಡದಿಂದ ದಿಬ್ಬಕ್ಕೆ ದಾಟಲು ಇಪ್ಪತ್ತು ಕಲ್ಲು. ನೀರಿಗೆ ಸವೆದು ನುಣುಪಾದ ಕಲ್ಲು. ಎಂಟು ವರ್ಷಗಳಿಂದ ಕಳಕೇಶ ಬುಟ್ಟಿ ಹೊತ್ತು ಆ ಕಲ್ಲುಗಳ ಮೇಲೆ ಓಡಾಡಿದ್ದ. ಹಾಡಿಕೊಂಡು ದಾಟಿದ್ದ, ನಿದ್ದೆಗಣ್ಣಿನಲ್ಲಿ ದಾಟಿದ್ದ. ಒಂದು ದಿನವೂ ಜಾರಿದವನಲ್ಲ.

ಅಂದು ಬೆಳಿಗ್ಗೆ ಅವನು ಬುಟ್ಟಿ ತುಂಬಿಕೊಂಡು ಹಿಂದಿರುಗುವಾಗ ದಡದಲ್ಲಿ ಗುರುಗಳು ನಿಂತಿದ್ದರು. ಅವರು ಎಂದೂ ಹಾಗೆ ಬಂದು ನಿಂತವರಲ್ಲ.

“ನಿಧಾನ, ಮಗು,” ಗುರುಗಳು ಮೃದುವಾಗಿ ಹೇಳಿದರು. “ಒಣನಾಡಿನವರಿಗೆ ನೀರಿನಲ್ಲಿ ಕಾಲು ನಿಲ್ಲುವುದಿಲ್ಲ.”

ಕಳಕೇಶ ನಕ್ಕ. ಒಂದು ಕಲ್ಲು ದಾಟಿದ.

“ಅರೆ! ದಾಟಿದೆಯಾ! ನಿಮ್ಮ ಕಡೆಯವನು ಇಷ್ಟು ದೂರ ಬಂದದ್ದೇ ದೊಡ್ಡದು.”

ಅವನಿಗೆ ನಗು ಬರಲಿಲ್ಲ. ಇನ್ನೊಂದು ಕಲ್ಲು ದಾಟಿದ. ಪಾದ ಎಲ್ಲಿ ಇಡುತ್ತಿದ್ದೇನೆಂದು ನೋಡಿಕೊಂಡ. ಬಲಗಾಲು ಮೊದಲೋ ಎಡಗಾಲು ಮೊದಲೋ, ಅದೇ ಮರೆತಂತಾಯಿತು.

“ಕಷ್ಟ ಅನ್ನಿಸಿದರೆ ಬಿಟ್ಟುಬಿಡು, ಮಗು. ಬಿದ್ದರೂ ಯಾರೂ ಏನೂ ಅನ್ನುವುದಿಲ್ಲ.”

ಕಳಕೇಶ ತಲೆ ಎತ್ತಿ ಗುರುಗಳ ಮುಖ ನೋಡಿದ.

ಕಾಲು ಜಾರಿತು. ಬುಟ್ಟಿ ನೀರಿಗೆ ಬಿತ್ತು. ಮರಳೆಲ್ಲ ಹೊಳೆಗೆ ಹೋಯಿತು. ಅವನು ಸೊಂಟದುದ್ದ ನೀರಿನಲ್ಲಿ ಎದ್ದು ನಿಂತು ಕೂಗಿದ.

“ಯಾಕೆ ಹಾಗಂದಿರಿ?”

“ಪ್ರೀತಿಯಿಂದ ಅಂದೆ.”

ಅವನು ಒದ್ದೆ ಬಟ್ಟೆಯಲ್ಲೇ ದಡಕ್ಕೆ ಬಂದು ಕುಳಿತ. ಮೊಣಕಾಲು ತರಚಿ ರಕ್ತ ಬರುತ್ತಿತ್ತು.

“ನಿನ್ನೆಗೂ ಇವತ್ತಿಗೂ ಕಲ್ಲು ಬದಲಾಯಿತೇ?” ಗುರುಗಳು ಕೇಳಿದರು.

“ಇಲ್ಲ.”

“ನೀರು ಹೆಚ್ಚಾಯಿತೇ?”

“ಇಲ್ಲ.”

“ಮತ್ತೇನು?”

ಕಳಕೇಶ ತಾನು ಜಾರಿದ ಕಲ್ಲಿನ ಕಡೆ ತಿರುಗಿದ.

“ದಿನಾ ಕಲ್ಲಿನ ಮೇಲೆ ನಾನೊಬ್ಬನೇ ನಡೆಯುತ್ತಿದ್ದೆ. ಇವತ್ತು ಬುಟ್ಟಿಯ ಜೊತೆ ನಮ್ಮ ಊರೂ ತಲೆಯ ಮೇಲಿತ್ತು.”

ಗುರುಗಳು ಅವನ ಪಕ್ಕದಲ್ಲಿ ಕುಳಿತರು.

“ಭರಮಪ್ಪ ಕೆಣಕಿದಾಗ ಆ ಹುಡುಗಿ ತಿರುಗಿ ಉತ್ತರ ಕೊಟ್ಟಳು. ನಿನ್ನ ಒಳ್ಳೆಯ ಮಾತಿಗೆ ಏನಂತ ತಿರುಗಿ ಕೊಡಬೇಕಿತ್ತು?”

ಕಳಕೇಶ ಮೊಣಕಾಲಿನ ರಕ್ತ ಒರೆಸಿಕೊಂಡ.

“ಅವಳು ಉತ್ತರ ಬರೆದಾಗ ನೀನು ಏನಂದೆ?”

“ಏನೂ ಅನ್ನಲಿಲ್ಲ. ನಿಜವಾಗಿ ಏನೂ ಅನ್ನಲಿಲ್ಲ.” ಸ್ವಲ್ಪ ತಡೆದು ಅವನು ತನ್ನ ಹಣೆ ಮುಟ್ಟಿಕೊಂಡ. “ಹುಬ್ಬು ಏರಿತು, ಗುರುಗಳೇ. ತಾನಾಗಿ ಏರಿತು. ಇಷ್ಟು ಬೇಗ ಸರಿ ಬಂತಲ್ಲ ಎಂದು ಆಶ್ಚರ್ಯವಾಯಿತು.”

“ಅವಳು ಏನೆಂದುಕೊಂಡಳು?”

“ತಪ್ಪಾಯಿತು ಎಂದುಕೊಂಡಳು.”

“ಭರಮಪ್ಪ ಸರಿ ಉತ್ತರ ಹೇಳಿದಾಗ ನಿನ್ನ ಹುಬ್ಬು ಏರಿತೇ?”

“ಇಲ್ಲ.”

ಗಾಳಿ ಬೀಸುತ್ತಿತ್ತು. ದಿಬ್ಬದ ಆಚೆ ಒಂದು ಹರಿಗೋಲು ತಿರುಗುತ್ತ ಹೋಗುತ್ತಿತ್ತು. ಅದರಲ್ಲಿ ಹುಟ್ಟು ಹಾಕುತ್ತಿದ್ದವಳು ಯಾರೆಂದು ಇಬ್ಬರಿಗೂ ಕಾಣುತ್ತಿತ್ತು.

“ಒಂದು ದಿನ ನೀನು ನನಗೆ ಹೇಳಿದ್ದೆ, ಹೆಣ್ಣುಮಕ್ಕಳ ಸ್ವಭಾವ ಅಂತ,” ಗುರುಗಳು ಹೇಳಿದರು. “ನಾನು ಹೂಂ ಅಂದೆ. ಬರುವ ವರ್ಷ ಚಂದ್ರ ಎಲ್ಲಿರುತ್ತಾನೆ ಎಂದು ಹುಡುಕುತ್ತಿದ್ದೆ.”

ಗುರುಗಳು ತಮ್ಮ ತಪ್ಪು ಒಪ್ಪಿಕೊಂಡದ್ದನ್ನು ಕಳಕೇಶ ಎಂದೂ ಕೇಳಿರಲಿಲ್ಲ.

“ಅವಳನ್ನು ಮತ್ತೆ ಕೂರಿಸೋಣ, ಗುರುಗಳೇ. ಇನ್ನೊಂದು ಲೆಕ್ಕ ಕೊಡೋಣ.”

“ನಿಯಮ ಇದೆ ಅಂದೆಯಲ್ಲ.”

“ನಿಯಮ ಅಳಿಸಿದವಳಿಗೆ. ಅಳಿಸಿದ್ದು ನಾನು.”

ಗುರುಗಳು ಅವನನ್ನು ದಿಟ್ಟಿಸಿದರು.

“ಹೋಗಿ ಕರೆದು ತಾ,” ಎಂದರು. “ಬಂದರೆ.”

*

ಕಳಕೇಶ ಆಚೆ ದಡಕ್ಕೆ ಹೋದ. ಮನೆಯ ಮುಂದೆ ಬಿದಿರಿನ ಸೀಳು ಹರಡಿ ತಾಯಿ ಮಗಳು ಹೊಸ ಹರಿಗೋಲು ಹೆಣೆಯುತ್ತಿದ್ದರು. ಹುಲಿಗೆವ್ವನ ತಂಗಿ ಪಂಪವ್ವ, ಎಂಟು ವರ್ಷದವಳು, ಪಕ್ಕದಲ್ಲಿ ಕುಳಿತು ಸೀಳುಗಳನ್ನು ಎಣಿಸಿ ಕೊಡುತ್ತಿದ್ದಳು.

“ಬರ್ರಿ, ಕೂಡ್ರಿ,” ಎಂದಳು ಈರಮ್ಮ. ಕೈ ನಿಲ್ಲಿಸಲಿಲ್ಲ.

ಕಳಕೇಶನಿಗೆ ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ. “ಇದು ಎಷ್ಟು ಮೊಳದ ಹರಿಗೋಲು?” ಎಂದ.

“ಅಡ್ಡ ಏಳು ಮೊಳ. ಸುತ್ತ ಅಂಚಿಗೆ ಇಪ್ಪತ್ತೆರಡು ಮೊಳ ಬಿದಿರು ಬೇಕು,” ಎಂದಳು ಈರಮ್ಮ.

“ಅಡ್ಡ ಒಂಬತ್ತು ಮೊಳ ಆದರೆ?”

“ಇಪ್ಪತ್ತೆಂಟು,” ಎಂದಳು ಹುಲಿಗೆವ್ವ ತಲೆ ಎತ್ತದೆ. “ಮ್ಯಾಲೆ ಅರ್ಧ ಗೇಣಿಗಿಂತ ಚೂರು ಜಾಸ್ತಿ.”

ಕಳಕೇಶ ಮನಸ್ಸಿನಲ್ಲಿ ಲೆಕ್ಕ ಹಾಕಿದ. ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಸರಿಯಾಗಿತ್ತು. ಹುಬ್ಬು ಏರದಂತೆ ಅವನು ಹಲ್ಲು ಕಚ್ಚಿ ಹಿಡಿದ.

“ನೋಡು, ಇದೂ ಲೆಕ್ಕವೇ ಅಲ್ಲವೇ?”

“ಲೆಕ್ಕ ಅಲ್ಲರಿ. ಇದು ಬಿದಿರು.”

“ಹುಲಿಗೆವ್ವ, ನಿನ್ನ ಉತ್ತರ ಸರಿ ಇತ್ತು. ನೂರಿಪ್ಪತ್ತೇ ಸರಿ. ನೀನು ಬರೆದದ್ದನ್ನು ನಾನು ನೋಡಿದ್ದೆ.”

ಅವಳ ಕೈ ನಿಂತಿತು.

“ನೋಡಿದ್ರೇನು?”

“ನೋಡಿದ್ದೆ.”

“ಮತ್ತ್ಯಾಕ ಹುಬ್ಬೇರಿಸಿ ಹಂಗ ಮಾರಿ ಮಾಡಿದ್ರಿ?”

ಅದಕ್ಕೆ ಏನು ಹೇಳಬೇಕೆಂದು ಅವನು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ. ಕುಳಿತಲ್ಲಿಂದ ಎದ್ದು ನಿಂತ.

“ತಪ್ಪು ನನ್ನದು. ಗುರುಗಳು ಕರೆಯುತ್ತಿದ್ದಾರೆ. ಇನ್ನೊಂದು ಲೆಕ್ಕ ಮಾಡು, ಸಾಕು. ಹೆಣ್ಣುಮಕ್ಕಳಿಗೂ ಲೆಕ್ಕ ಬರುತ್ತದೆ ಎಂದು ತೋರಿಸಿಬಿಡು. ಹೆಣ್ಣಾದರೇನು? ನೀನು ಗೆದ್ದರೆ ಎಲ್ಲ ಹೆಣ್ಣುಮಕ್ಕಳೂ ಗೆದ್ದಂತೆ!”

ಹುಲಿಗೆವ್ವ ಅವನನ್ನೇ ನೋಡಿದಳು. ಅವಳ ಕಣ್ಣು ಮೆಲ್ಲಗೆ ಮಂಕಾಯಿತು.

“ನಾನು ಗ್ರಹಣದ ಲೆಕ್ಕಕ್ಕ ಬಂದಿದ್ದೆ, ಅಣ್ಣಾರ,” ಎಂದಳು. “ಹೆಣ್ಣಾಗಿ ಬಂದಿದ್ದಿಲ್ಲ.”

ಈರಮ್ಮ ಮಗಳ ಬೆನ್ನಿನ ಮೇಲೆ ಕೈ ಇಟ್ಟಳು. “ಒಮ್ಮೆ ಹಾಕಿ ನೋಡ, ಯವ್ವಾ.”

ಅಂಗಳದ ಮಣ್ಣನ್ನು ಕಳಕೇಶ ಕೈಯಿಂದ ಸಮ ಮಾಡಿದ. ಅದೇ ಕೊಕ್ಕರೆಯ ಲೆಕ್ಕ. ಪಾಲು ಅವೇ, ಮರದ ಮೇಲಿನದು ಮಾತ್ರ ಬೇರೆ. ಈ ಸಲ ಮೂವತ್ತೊಂಬತ್ತು.

ಹುಲಿಗೆವ್ವ ಬೆರಳು ಇಟ್ಟಳು. ಒಂದು ಗೆರೆ ಎಳೆದಳು. ಅವನ ಮುಖ ನೋಡಿದಳು. ಅವನು ಮುಖ ತಿರುಗಿಸಿಕೊಂಡ. ಅವಳು ತಾಯಿಯ ಮುಖ ನೋಡಿದಳು. ಬೆರಳು ಮಣ್ಣಿನ ಮೇಲೆಯೇ ನಿಂತಿತ್ತು, ಮುಂದಕ್ಕೆ ಹೋಗಲಿಲ್ಲ.

“ನೂರಾ ಎಂಬತ್ತು,” ಎಂದು ಪಂಪವ್ವ ಪಿಸುಗುಟ್ಟಿದಳು. ಬಿದಿರಿನ ಸೀಳುಗಳನ್ನು ಗುಂಪು ಗುಂಪಾಗಿ ಜೋಡಿಸಿಕೊಂಡಿದ್ದಳು. ಅವಳ ಮಾತು ಯಾರ ಕಿವಿಗೂ ಬೀಳಲಿಲ್ಲ. ಉತ್ತರ ಅದೇ ಆಗಿತ್ತು.

ಹುಲಿಗೆವ್ವ ಎದ್ದು ಸೆರಗಿಗೆ ಕೈ ಒರೆಸಿಕೊಂಡಳು.

“ನನಗ ಬರಂಗಿಲ್ಲ, ಅಣ್ಣಾರ. ಹೊತ್ತಾತು, ದಾಟಸ್ತೀನಿ ಬರ್ರಿ.”

ಹೊಳೆಯ ನಡುವೆ ಹುಟ್ಟು ನೀರಿಗೆ ಬೀಳುವ ಸಪ್ಪಳ ಮಾತ್ರ ಒಂದೇ ಲಯದಲ್ಲಿ ಬರುತ್ತಿತ್ತು.

ಆಶ್ರಮದ ದಡದಲ್ಲಿ ಅವನು ಇಳಿದ. ಅವಳು ಇಳಿಯಲಿಲ್ಲ.

ಗುರುಗಳು ಅಲ್ಲಿಯೇ ಕಾದಿದ್ದರು. ತಿರುಗಿ ಹೋಗುತ್ತಿದ್ದ ಹರಿಗೋಲನ್ನು ನೋಡಿದರು.

“ಏನಂದೆ ಅವಳಿಗೆ?”

ಕಳಕೇಶ ಹೇಳಿದ. ಈಗಲೂ ಒಂದಕ್ಷರ ಬಿಡಲಿಲ್ಲ.

“ಅವಳ ತಲೆಯ ಮೇಲೆ ನೀನು ಒಂದು ಊರು ಇಟ್ಟಿದ್ದೆ,” ಎಂದರು ಗುರುಗಳು. “ಇವತ್ತು ಹೋಗಿ ಇರುವ ಊರನ್ನೆಲ್ಲ ಇಟ್ಟು ಬಂದೆ.”

*

ಮಾಘದ ಅಮಾವಾಸ್ಯೆಗೆ ಮತ್ತೆ ಸೂರ್ಯಗ್ರಹಣ ಬಂತು. ಹೊತ್ತು ಗೊತ್ತು ಮಾಡಿ ಗುರುಗಳು ಊರೂರಿಗೆ ಹೇಳಿ ಕಳಿಸಿದ್ದರು. ಲೆಕ್ಕದಲ್ಲಿ ಕೊನೆಯ ಎರಡು ಸಾಲು ಭರಮಪ್ಪನವು.

ಬೆಳಿಗ್ಗೆಯಿಂದ ಜನ ದಾಟುತ್ತಿದ್ದರು. ಆಚೆ ದಡದಲ್ಲಿ ಕೆಲಸ ಮುಗಿಸಿದ ಕಳಕೇಶನೂ ಜನರ ನಡುವೆ ಹರಿಗೋಲಿನಲ್ಲಿ ಕುಳಿತಿದ್ದ. ಹುಟ್ಟು ಹುಲಿಗೆವ್ವನ ಕೈಯಲ್ಲಿತ್ತು. ಅವಳ ಕಾಲ ಬಳಿ ಪಂಪವ್ವ.

ಹೊಳೆಯ ನಡುವೆ ಹುಲಿಗೆವ್ವ ಪಕ್ಕದಲ್ಲಿದ್ದ ಮುದುಕಿಯನ್ನು ಕೇಳಿದಳು.

“ಯಮ್ಮಾ, ಎಷ್ಟೊತ್ತಿಗೆ ಹಿಡೀತೈತಂತ?”

“ಹೊತ್ತು ನೆತ್ತಿಗೆ ಬರೂಕ ಮೊದಲ ಅಂತ ಅಂದಾರವ್ವ ಸ್ವಾಮಗೋಳು. ನಮಗೇನು ಗೊತ್ತಾಕ್ಕತಿ?”

“ಹೂಂ. ನಮಗೇನು ಗೊತ್ತಾಕ್ಕತಿ,” ಎಂದಳು ಹುಲಿಗೆವ್ವ.

ಕಳಕೇಶ ನೀರಿನ ಕಡೆ ಮುಖ ಮಾಡಿದ.

ಹೇಳಿದ ಹೊತ್ತಿಗೆ ಗ್ರಹಣ ಹಿಡಿಯಿತು. ಹಗಲು ಮಂಕಾಯಿತು. ಹೊಳೆಯ ಬಣ್ಣ ಬೂದಿಯಂತಾಯಿತು. ಜನ ನೀರಿಗಿಳಿದರು. ಹುಲಿಗೆವ್ವ ಹರಿಗೋಲಿನಲ್ಲೇ ಕುಳಿತು ಹುಟ್ಟಿನ ತುದಿಗೆ ಹತ್ತಿದ ಪಾಚಿ ಕೀಳುತ್ತಿದ್ದಳು. ಒಮ್ಮೆಯೂ ಮೇಲೆ ನೋಡಲಿಲ್ಲ.

ಪಂಪವ್ವ ಮಾತ್ರ ದಡಕ್ಕೆ ಜಿಗಿದು ಗುರುಗಳ ಹತ್ತಿರ ಓಡಿ ಬಂದಳು.

“ಅಜ್ಜಾರ, ಬಿಡೋ ಹೊತ್ತೂ ನಿಮಗ ಗೊತ್ತೈತೇನು?”

“ಗೊತ್ತಿದೆ.”

“ಬಿಡೂಕಿಂತ ಮೊದಲ?”

“ಮೊದಲೇ.”

ಹುಡುಗಿ ಬಾಯಿ ತೆರೆದುಕೊಂಡು ನಿಂತಳು. ಆಮೇಲೆ ಕೇಳಿದಳು. “ನಾನೂ ಕಲೀಬೇಕು. ಬರಲೇನು?”

ಗುರುಗಳು ಹರಿಗೋಲಿನ ಕಡೆ ನೋಡಿದರು. ಅಲ್ಲಿ ಕುಳಿತವಳು ಪಾಚಿ ಕೀಳುತ್ತಲೇ ಇದ್ದಳು.

“ನಿಮ್ಮವ್ವನನ್ನು ಕೇಳು,” ಎಂದರು. “ಹೂಂ ಅಂದರೆ ನಾಳೆ ಬಾ.”

*

ಮರುದಿನ ಬೆಳಿಗ್ಗೆ ಹರಿಗೋಲು ಆಶ್ರಮದ ದಡಕ್ಕೆ ಬಂದು ಹತ್ತಿತು. ಹುಲಿಗೆವ್ವ ಹುಟ್ಟು ಊರಿ ಹಿಡಿದು ನಿಂತಳು. ತಂಗಿಯ ಕೈಗೆ ಬಟ್ಟೆಯ ಗಂಟು ಕೊಟ್ಟಳು. ಕೂದಲು ಸರಿ ಮಾಡಿದಳು. ಬಗ್ಗಿ, ದನಿ ತಗ್ಗಿಸಿ, ತುಂಬ ಪ್ರೀತಿಯಿಂದ ಹೇಳಿದಳು.

“ತ್ರಾಸ ಅನ್ನಿಸಿದ್ರ ಬಿಟ್ಟು ಬಾರವ್ವ. ಯಾರೂ ಏನೂ ಅನ್ನಂಗಿಲ್ಲ.”

ದಡದಲ್ಲಿ ಮರಳಿನ ಬುಟ್ಟಿ ಹಿಡಿದು ನಿಂತಿದ್ದ ಕಳಕೇಶ ಅದನ್ನು ಕೇಳಿದ. ತನ್ನ ದನಿಯನ್ನು ತಾನೇ ಕೇಳಿಸಿಕೊಂಡ. ಬುಟ್ಟಿಯನ್ನು ಕೆಳಗಿಟ್ಟ.

ಪಂಪವ್ವ ಅಕ್ಕನ ಮುಖ ನೋಡಿದಳು. ಏನೋ ಕೇಳಬೇಕೆಂದುಕೊಂಡವಳು ಕೇಳಲಿಲ್ಲ. ಗಂಟು ಹಿಡಿದುಕೊಂಡು ದಡ ಹತ್ತಿದಳು.

ಹರಿಗೋಲು ತಿರುಗಿತು. ಹೊಳೆಯ ನಡುವೆ ಹೋಗುವ ತನಕ ಹುಲಿಗೆವ್ವ ಹಿಂದಕ್ಕೆ ನೋಡಲಿಲ್ಲ.

ಹುಡುಗಿ ಹೋಗಿ ಅಕ್ಕ ಕೂರುತ್ತಿದ್ದ ಹಲಗೆಯ ಮುಂದೆಯೇ ಕುಳಿತಳು. ಅದು ಯಾರದೆಂದು ಅವಳಿಗೆ ಗೊತ್ತಿರಲಿಲ್ಲ. ಎರಡೂ ಕೈಯಿಂದ ಮರಳು ಸಮ ಮಾಡಿಕೊಂಡು ಕಾದಳು.

ಕಳಕೇಶ ಗುರುಗಳ ಬಳಿಗೆ ಬಂದ.

“ಇವಳಿಗೆ ಬೇರೆ ಯಾರಾದರೂ ಪಾಠ ಹೇಳಲಿ, ಗುರುಗಳೇ.”

“ಯಾಕೆ?”

“ನನಗೆ ಭಯ. ಮೃದುವಾಗಿ ಮಾತಾಡಿದೆ, ಒಬ್ಬಳನ್ನು ಕಳೆದುಕೊಂಡೆ. ಹುರಿದುಂಬಿಸಲು ಹೋದೆ, ಉಳಿದದ್ದನ್ನೂ ಕಳೆದೆ. ಇವಳಿಗೆ ನಾನು ಏನು ಹೇಳಲಿ?”

ಗುರುಗಳು ನದಿಯ ಕಡೆ ನೋಡಿದರು. ಹರಿಗೋಲು ಆಚೆ ದಡ ಮುಟ್ಟಿತ್ತು.

“ಲೆಕ್ಕ ಹೇಳು,” ಎಂದರು.